ಸಂಜೆ ಹೊತ್ತಿನ ಬ್ರಿಕ್ಸ್

ನನ್ನ ಇಡೀ ನೌಕರಿಯ ಅತಿ ದೊಡ್ಡ ತಪ್ಪು ಕಡಲೆಕಾಳಿಗಿಂತ ಚಿಕ್ಕದಾದ ಒಂದು ಎಲೆಕ್ಟ್ರಾನಿಕ್ ಚಿಪ್ಪಿನೊಳಗೆ ಇತ್ತು. ಅದನ್ನು ಅಲ್ಲಿ ಇಟ್ಟವನೂ ನಾನೇ, ಎಲ್ಲ ಸರಿಯಾಗಿದೆ ಎಂದು ಸಹಿ ಹಾಕಿ ಕೊಟ್ಟವನೂ ನಾನೇ. ಬಡ್ತಿ, ಸತ್ಕಾರಗಳ ಬಗ್ಗೆ ಬರೆಯಲು ನನಗೆ ಮನಸ್ಸಿಲ್ಲ. ನಿವೃತ್ತಿಯ ದಿನ ಎರಡು ಶಾಲು ಬಂದವು, ಎರಡೂ ಕಪಾಟಿನಲ್ಲಿವೆ. ಈ ಕೆಲಸಕ್ಕೆ ಹೊಸದಾಗಿ ಬರುತ್ತಿರುವ ಹುಡುಗ ಹುಡುಗಿಯರಿಗೆ ಏನಾದರೂ ಉಪಯೋಗವಾಗುವುದಿದ್ದರೆ ಅದು ನಾನು ಮುಗ್ಗರಿಸಿದ ಜಾಗಗಳಿಂದ.

ನಾನು ಬೋರಗಾಂವದವನು. ಮನೆಯ ಹಿಂದೆ ನಾಲ್ಕು ಪವರ್‌ಲೂಮ್‌ಗಳಿದ್ದವು. ಕರೆಂಟು ಸಣ್ಣಗಾದರೆ ಮಗ್ಗದ ಸದ್ದು ಬದಲಾಗುತ್ತಿತ್ತು. ಅಪ್ಪ ಊಟದ ತಾಟಿನ ಮುಂದಿನಿಂದಲೇ "ಲೈಟ್ ಡಿಮ್ ಆತು, ಬಂದ್ ಮಾಡ್ಲೇ" ಎಂದು ಕೂಗುತ್ತಿದ್ದ. ವೋಲ್ಟೇಜ್ ಎನ್ನುವುದನ್ನು ನಾನು ಪುಸ್ತಕಕ್ಕಿಂತ ಮೊದಲು ಕಿವಿಯಿಂದ ಕಲಿತೆ. ಚಿಕ್ಕೋಡಿಯಲ್ಲಿ ಡಿಪ್ಲೊಮಾ ಮುಗಿಸಿ ಒಂದು ಸಕ್ಕರೆ ಕಾರ್ಖಾನೆಯ ಇನ್‌ಸ್ಟ್ರುಮೆಂಟ್ ವಿಭಾಗಕ್ಕೆ ಸೇರಿದೆ. ಕಾರ್ಖಾನೆಯ ಹೆಸರು ಬೇಡ. ಹೊಳೆಯ ಬದಿಗೆ, ರಾಯಬಾಗದಿಂದಲೂ ಅಥಣಿಯಿಂದಲೂ ಕಬ್ಬು ಬರುತ್ತಿತ್ತು ಎಂದರೆ ಸಾಕು.

ಬಾಯ್ಲರಿನ ಮೀಟರುಗಳು, ಟರ್ಬೈನಿನ ಮೀಟರುಗಳು ದೊಡ್ಡವರ ಪಾಲಿಗೆ ಹೋದವು. ನನ್ನ ಪಾಲಿಗೆ ಬಂದದ್ದು ಕೈಯಲ್ಲಿ ಹಿಡಿದು ಓಡಾಡುವ, ಬ್ಯಾಟರಿಯ ಸಣ್ಣ ಸಾಮಾನು: ಯಾರ್ಡಿನವರ ವಾಕಿಟಾಕಿ, ಲ್ಯಾಬಿನವರ ಪಿಎಚ್ ಮೀಟರು, ಹೊಲದಲ್ಲಿ ಕಬ್ಬಿನ ಸಿಹಿ ಅಳೆಯುವ ಬ್ರಿಕ್ಸ್ ಮೀಟರು. ಮೊದಮೊದಲು ನನಗೆ ಅವಮಾನ ಎನಿಸಿತ್ತು. ಆಟದ ಸಾಮಾನು ರಿಪೇರಿ ಮಾಡುವವನು ಎಂದು ಗೆಳೆಯರು ಕಾಡುತ್ತಿದ್ದರು. ನಾನು ಮೂಗಿನ ತುದಿಯಲ್ಲಿ ಸಿಟ್ಟು ಇಟ್ಟುಕೊಂಡ ಮನುಷ್ಯ, ಆರು ತಿಂಗಳು ಅವರೊಡನೆ ಚಹಾ ಕುಡಿಯಲಿಲ್ಲ.

ನನ್ನ ಮೊದಲ ಮೇಲಧಿಕಾರಿ ದೇಸಾಯಿ ಸಾಹೇಬರು. ಕೆಟ್ಟ ಯಂತ್ರ ಬಂದರೆ ಸ್ಕ್ರೂಡ್ರೈವರ್ ಮುಟ್ಟಲು ಬಿಡುತ್ತಿರಲಿಲ್ಲ. "ಮೊದ್ಲು ಮನಶಾಗ ಕೇಳೋ ಮಾರಾಯಾ, ಯಂತ್ರ ಎಲ್ಲಿ ಓಡಿ ಹೋಗತೈತಿ?" ಎನ್ನುತ್ತಿದ್ದರು. ಒಮ್ಮೆ ಒಬ್ಬ ಫೀಲ್ಡ್‌ಮನ್‌ನ ಮೀಟರು ವಾರಕ್ಕೊಮ್ಮೆ ಸತ್ತು ಬರುತ್ತಿತ್ತು. ನಾನು ಮೂರು ಸಲ ಬಿಚ್ಚಿದೆ, ಮೂರು ಸಲ ಬ್ಯಾಟರಿಯ ಸ್ಪ್ರಿಂಗು ಹಸಿರುಗಟ್ಟಿತ್ತು. ಸಾಹೇಬರು ಆ ಮನುಷ್ಯನನ್ನು ಕೂಡಿಸಿಕೊಂಡು ಚಹಾ ತರಿಸಿ, ಬೆಳಿಗ್ಗೆಯಿಂದ ಏನೇನು ಮಾಡುತ್ತೀ ಎಂದು ಕೇಳಿದರು. ಮೀಟರನ್ನು ಆತ ರೊಟ್ಟಿಯ ಗಂಟಿನೊಳಗೆ, ಮೆಣಸಿನಕಾಯಿ ಠೇಚಾದ ಜೊತೆ ಕಟ್ಟಿಕೊಳ್ಳುತ್ತಿದ್ದ! ಕಳುವಾಗಬಾರದು ಎಂದು ಅಷ್ಟು ಜೋಪಾನ. ಉಪ್ಪು ಖಾರ ತಿಂದು ಸ್ಪ್ರಿಂಗು ಸಾಯುತ್ತಿತ್ತು. ಸಾಹೇಬರು ಬೈಯಲಿಲ್ಲ, ಒಂದು ಚರ್ಮದ ಚೀಲ ಹೊಲಿಸಿಕೊಟ್ಟರು.

ಇನ್ನು ಕೆಲಸದ ತಿರುಳಿಗೆ ಬರುತ್ತೇನೆ. ಬ್ಯಾಟರಿ ತುಂಬಿದಾಗ ಒಂದು ವೋಲ್ಟೇಜ್ ಕೊಡುತ್ತದೆ, ಖಾಲಿಯಾಗುತ್ತ ಬಂದಂತೆ ಇನ್ನೊಂದು. ಆದರೆ ಅಳೆಯುವ ಯಂತ್ರಕ್ಕೆ ಬೆಳಿಗ್ಗೆಯೂ ಸಂಜೆಯೂ ಒಂದೇ ವೋಲ್ಟೇಜ್ ಬೇಕು. ನಡುವೆ ನಿಂತು ಅದನ್ನು ಸಮ ಮಾಡಿಕೊಡುವ ಭಾಗಕ್ಕೆ ರೆಗ್ಯುಲೇಟರ್ ಎನ್ನುತ್ತಾರೆ. ಮೇಲಿನ ಟಾಕಿಯಲ್ಲಿ ನೀರು ಎಷ್ಟೇ ಇರಲಿ, ನಲ್ಲಿಯಲ್ಲಿ ಒಂದೇ ಧಾರೆ ಬರುವಂತೆ ನೋಡಿಕೊಳ್ಳುವ ಕೆಲಸ ಅದರದು. ನಮ್ಮ ಕಾಲದ ರೆಗ್ಯುಲೇಟರಿಗೆ ಮೂರು ಕಾಲು, ಬೆನ್ನಿಗೆ ಒಂದು ಲೋಹದ ರೆಕ್ಕೆ. ಹೆಚ್ಚಾದ ವೋಲ್ಟೇಜನ್ನು ಅದು ಬರೀ ಬಿಸಿ ಮಾಡಿ ಕಳೆಯುತ್ತಿತ್ತು. ಬ್ಯಾಟರಿಯ ಅರ್ಧ ಶಕ್ತಿ ಕೈ ಸುಡಲಿಕ್ಕೇ ಹೋಗುತ್ತಿತ್ತು. ಚಳಿಗಾಲದಲ್ಲಿ ಯಾರ್ಡಿನವರು ವಾಕಿಟಾಕಿಯನ್ನು ಅಂಗಿಯ ಒಳಗೆ ಯಾಕೆ ಇಟ್ಟುಕೊಳ್ಳುತ್ತಾರೆಂದು ನನಗೆ ಬಹಳ ದಿನ ತಿಳಿದಿರಲಿಲ್ಲ.

ಆಮೇಲೆ ತಿರುಪಿನವು ಬಂದವು. ಸಣ್ಣ ಸ್ಕ್ರೂ ತಿರುಗಿಸಿ ವೋಲ್ಟೇಜ್ ಹೊಂದಿಸಬೇಕು, ಅಲುಗದಂತೆ ಅದರ ತಲೆಗೆ ಉಗುರು ಬಣ್ಣ ಹಚ್ಚಬೇಕು. ನಿಪ್ಪಾಣಿಯ ಬಳೆ ಅಂಗಡಿಗೆ ನಾನು ಕಾಯಂ ಗಿರಾಕಿ. "ಸಾಹೇಬ್ರ, ಬಾಯಾರಿಗೆ ಯಾವ ರಂಗ ಬೇಕ್ರಿ?" ಎಂದು ಅಂಗಡಿಯಾತ ಕೇಳಿದರೆ, "ಯಾವ್ದಾರ ಕೊಡಪಾ, ಸ್ಕ್ರೂಕ್ಕ ಹಚ್ಚೂದೈತಿ" ಎನ್ನುತ್ತಿದ್ದೆ. ಆತ ನಗುತ್ತಿದ್ದ, ನಂಬುತ್ತಿರಲಿಲ್ಲ. ಆ ಕೆಂಪು ಚುಕ್ಕೆಯಲ್ಲಿ ಒಂದು ಗುಣವಿತ್ತು. ಯಾರಾದರೂ ಸ್ಕ್ರೂ ತಿರುಗಿಸಿದ್ದರೆ ಬಣ್ಣ ಒಡೆದಿರುತ್ತಿತ್ತು, ನೋಡಿದ ಕೂಡಲೇ ಗೊತ್ತಾಗುತ್ತಿತ್ತು.

ಕೊನೆಯ ಕೆಲವು ವರ್ಷಗಳಲ್ಲಿ ಹೊಸ ಚಿಪ್ಪುಗಳು ಬಂದವು. ಮೂರು ಕಾಲಿನ ದಾಂಡಿಗನ ಜಾಗದಲ್ಲಿ ಕಾಳಿನಷ್ಟು ಕರಿ ಚುಕ್ಕೆ. ಮುಟ್ಟಿದರೆ ಬಿಸಿಯೇ ಇಲ್ಲ. ಲ್ಯಾಪ್‌ಟಾಪಿನಿಂದ ಅದಕ್ಕೆ ಅಂಕಿ ಬರೆದು ಕಳಿಸಬಹುದು: ಇಷ್ಟು ವೋಲ್ಟ್ ಕೊಡು, ಯಾರೂ ಬಳಸದಿದ್ದಾಗ ಅರೆನಿದ್ದೆ ಮಾಡು, ಬ್ಯಾಟರಿ ಇಷ್ಟಕ್ಕೆ ಇಳಿದರೆ ಯಂತ್ರ ಬಂದ್ ಮಾಡು. ನಾನು ಹರೆಯದವನಂತೆ ಕುಣಿದಾಡಿದೆ. ಹಳೆಯ ಬ್ರಿಕ್ಸ್ ಮೀಟರುಗಳ ಪವರ್ ಬೋರ್ಡುಗಳಿಗೆ ಬಿಡಿ ಭಾಗ ಸಿಗುತ್ತಿರಲಿಲ್ಲ. ಅವನ್ನೆಲ್ಲ ಕಿತ್ತು ಈ ಚಿಪ್ಪಿನ ಸಣ್ಣ ಬೋರ್ಡು ಕೂಡಿಸಿದೆ. ಮಧ್ಯಾಹ್ನಕ್ಕೆ ಸಾಯುತ್ತಿದ್ದ ಮೀಟರು ಈಗ ನಾಲ್ಕು ಗಂಟೆಯವರೆಗೆ ನಡೆಯತೊಡಗಿತು.

ಆದರೂ ದೂರು ತಪ್ಪಲಿಲ್ಲ. ನಾಲ್ಕಕ್ಕೆ ಮೀಟರು ಪೀಂ ಎಂದು ಕೂಗಿ ಬಂದ್ ಆಗುತ್ತದೆ, ಹೊಳೆದಂಡೆಯ ಹೊಲಗಳು ಉಳಿದುಬಿಡುತ್ತವೆ, ನಾಳೆ ಮತ್ತೆ ಹೋಗಬೇಕು ಎಂದು ಫೀಲ್ಡಿನವರು ಗೊಣಗಿದರು. ಕಬ್ಬಿನ ವಿಭಾಗದ ಅಧಿಕಾರಿ ನನ್ನನ್ನು ಕರೆಸಿ, "ಸಂಜೀತನಕ ನಡ್ಯೂಹಂಗ ಏನಾರ ಮಾಡ್ರಿ" ಎಂದರು. ನಾನು ಲ್ಯಾಪ್‌ಟಾಪ್ ತೆರೆದು ಒಂದೇ ಅಂಕಿ ಬದಲಿಸಿದೆ. ಬ್ಯಾಟರಿ ಮೂರೂವರೆ ವೋಲ್ಟಿಗೆ ಇಳಿದಾಗ ಬಂದ್ ಆಗಬೇಕಿದ್ದ ಯಂತ್ರ ಮೂರು ವೋಲ್ಟಿನವರೆಗೆ ನಡೆಯಲಿ ಎಂದು ಬರೆದೆ. ಮೀಟರು ಕತ್ತಲಾಗುವ ತನಕ ನಡೆಯಿತು. ಅಧಿಕಾರಿ ಎಲ್ಲರ ಮುಂದೆ ಬೆನ್ನು ಚಪ್ಪರಿಸಿದರು. ಆ ಅಂಕಿಯ ಮೇಲೆ ಉಗುರು ಬಣ್ಣ ಇರಲಿಲ್ಲ, ಒಡೆದದ್ದು ಕಾಣಲಿಲ್ಲ. ಒಂದು ತಿಂಗಳು ಕಳೆಯುವಷ್ಟರಲ್ಲಿ ನಾನೇ ಅದನ್ನು ಮರೆತಿದ್ದೆ.

ಮೀಟರಿನ ಅಂಕಿಗೆ ಎಷ್ಟು ತೂಕ ಎಂಬುದನ್ನು ಹೇಳಬೇಕು. ಕಬ್ಬಿಗೆ ಸೂಜಿ ಚುಚ್ಚಿ, ಎರಡು ಹನಿ ರಸ ತೆಗೆದು ಮೀಟರಿನ ಗಾಜಿನ ಮೇಲೆ ಬಿಡುತ್ತಾರೆ. ಒಳಗೆ ಒಂದು ದೀಪ ಉರಿದು ಸಿಹಿಯ ಅಂಕಿ ಬರುತ್ತದೆ. ಹದಿನೆಂಟರ ಮೇಲೆ ಬಂದರೆ ಕಬ್ಬು ಪಕ್ವವಾಗಿದೆ, ಕಟಾವಿನ ಪಾಳಿ ಹಚ್ಚು. ಕೆಳಗೆ ಬಂದರೆ ಇನ್ನೂ ಕಾಯಲಿ. ಪಾಳಿ ಹಿಂದೆ ಬಿದ್ದರೆ ಕಬ್ಬು ಹೂ ಬಿಟ್ಟು ಒಳಗೆ ಬೆಂಡಾಗುತ್ತದೆ, ತೂಕ ಇಳಿಯುತ್ತದೆ. ವರ್ಷವಿಡೀ ಬೆಳೆಸಿದವನಿಗೆ ಅದಕ್ಕಿಂತ ಸಂಕಟವಿಲ್ಲ.

ಆ ಹಂಗಾಮಿನಲ್ಲಿ ಮೀಟರು ಹಿಡಿದು ಹೊಲ ತಿರುಗುತ್ತಿದ್ದವಳು ಸುಜಾತಾ. ಬಿ.ಎಸ್ಸಿ ಓದಿದ ಹುಡುಗಿ, ಹೊಳೆದಂಡೆಯ ಹಳ್ಳಿಯ ಬೌದ್ಧ ಕೇರಿಯವಳು. ಊರವರು ಅವಳನ್ನು "ಫೀಲ್ಡ್‌ಮನ್ ಬಾಯಿ" ಎನ್ನುತ್ತಿದ್ದರು. ಹಂಗಾಮಿನ ತಾತ್ಕಾಲಿಕ ನೌಕರಿ; ಮೂರು ಹಂಗಾಮು ಕಳೆದಿದ್ದಳು, ಆ ವರ್ಷ ಕಾಯಂ ಆಗುವ ಮಾತಿತ್ತು. ಒಂದು ಬೆಳಿಗ್ಗೆ ಮೀಟರು ತಂದು ನನ್ನ ಟೇಬಲ್ಲಿನ ಮೇಲಿಟ್ಟಳು.

"ಸರ್, ಇದು ಯಾಕೋ ತಪ್ಪು ತೋರ್ಸಾಕತ್ತೇತ್ರಿ."

ನಾನು ಮೀಟರನ್ನು ಬಿಚ್ಚಿ ಟೇಬಲ್ಲಿನ ಪವರ್ ಸಪ್ಲೈಗೆ ಹಚ್ಚಿದೆ. ಶುದ್ಧ ನೀರಿಗೆ ಸೊನ್ನೆ ಬಂತು, ಲ್ಯಾಬಿನ ಸಕ್ಕರೆ ದ್ರಾವಣಕ್ಕೆ ಬರಬೇಕಾದ ಅಂಕಿಯೇ ಬಂತು. ಮೂರು ಸಲ ನೋಡಿದೆ. "ಯಂತ್ರ ಭೇಷಿ ಐತವಾ" ಎಂದೆ. ಏನು ತಪ್ಪು, ಯಾವಾಗ ತಪ್ಪು, ಎಲ್ಲಿ ತಪ್ಪು ಎಂದು ಒಂದು ಮಾತು ಕೇಳಲಿಲ್ಲ. ದೇಸಾಯಿ ಸಾಹೇಬರು ಕಲಿಸಿದ್ದ ಒಂದೇ ಪಾಠ, ಅದನ್ನೇ ಮರೆತಿದ್ದೆ. ಕಬ್ಬಿನ ಅಧಿಕಾರಿ ಕಾಗದ ಬೇಕೆಂದರು. "ಯಂತ್ರದಲ್ಲಿ ದೋಷವಿಲ್ಲ" ಎಂದು ಬರೆದು ಸಹಿ ಮಾಡಿ ಕೊಟ್ಟೆ.

ಆ ಕಾಗದ ಏನು ಮಾಡಿತೆಂದು ನನಗೆ ವಾರದ ಮೇಲೆ ಗೊತ್ತಾಯಿತು. ಹೊಳೆದಂಡೆಯ ಸಣ್ಣ ಹಿಡುವಳಿದಾರರ ಕಬ್ಬು ಆ ವರ್ಷ ಹದಿನಾರೂವರೆ, ಹದಿನೇಳರ ಮೇಲೆ ಹತ್ತುತ್ತಿರಲಿಲ್ಲ. ಟಾರು ರಸ್ತೆಯ ಬದಿಯ ದೊಡ್ಡ ಹೊಲಗಳದು ಹತ್ತೊಂಬತ್ತು. ಸುಜಾತಾ ದೊಡ್ಡವರ ಕೈಗೆ ಸಿಕ್ಕಿದ್ದಾಳೆ, ತನ್ನ ಮಂದಿಯ ಪಾಳಿಯನ್ನೇ ಹಿಂದೆ ನೂಕುತ್ತಿದ್ದಾಳೆ ಎಂದು ಕೇರಿಯಲ್ಲಿ ಮಾತು ಹಬ್ಬಿತು. ಅವಳನ್ನು ಓದಿಸಲು ಓಡಾಡಿದ್ದ ಅವಳ ಶಂಕರ ಕಾಕಾ, ತಂದೆಯ ತಮ್ಮ, ಮಾತು ಬಿಟ್ಟರು. ಅದೇ ಹೊತ್ತಿಗೆ ಒಂದು ದಿನ ಕಬ್ಬಿನ ಟ್ರಾಕ್ಟರು ರಸ್ತೆಗೆ ಅಡ್ಡ ಬಿದ್ದು, ಅವಳು ಹೊಳೆಯ ಕಡೆಯಿಂದ ಕೆಲಸ ಶುರು ಮಾಡಬೇಕಾಯಿತು. ಆ ದಿನ ಕೇರಿಯ ಹೊಲಗಳಿಗೆ ಹತ್ತೊಂಬತ್ತು ಬಂತು! ಅವಳು ಓಡಿ ಬಂದು ಅಧಿಕಾರಿಗೆ ಹೇಳಿದಳು. ಅಧಿಕಾರಿ ನನ್ನ ಕಾಗದ ತೆಗೆದು, "ಯಂತ್ರ ಸರಿ ಐತಿ ಅಂತ ಬರದಾರ. ಅಂದ್ರ ನಿಮ್ಮ ಮಂದೀಗ ನೀ ಹೆಚ್ಚ ಹಾಕೀ" ಎಂದು ನೋಟಿಸ್ ಕೊಟ್ಟರು. ಎರಡೂ ಕಡೆಯಿಂದ ಅವಳೇ ಕಳ್ಳಿ.

ಅವಳು ಅಳುತ್ತಾ ಬರಲಿಲ್ಲ. ಒಂದು ಗಾಜಿನ ಸೀಸೆ ಹಿಡಿದು ಬಂದಳು, ಮುಚ್ಚಳಕ್ಕೆ ಮೇಣ ಹಚ್ಚಿತ್ತು.

"ಸಕ್ಕರಿ ನೀರ್ರಿ. ಮನ್ಯಾಗ ಮಾಡೀನಿ. ಮುಂಜಾನೆ ನೋಡಿದ್ರ ಹದಿನೆಂಟ ಬರತೈತಿ. ಸಂಜೀಕ ಇದನ್ನ ನೋಡಿದ್ರ ಹದಿನಾರೂವರಿ. ಮೂರ ದಿನ ಬರಕೊಂಡೀನಿ, ನೋಡ್ರಿ."

ನನಗೆ ಸಿಟ್ಟು ಬಂತು. ನನ್ನ ಸಹಿಯನ್ನು ಒಂದು ಸೀಸೆಯಿಂದ ಪರೀಕ್ಷೆ ಮಾಡುತ್ತಾಳಲ್ಲ ಎಂಬ ಸಿಟ್ಟು, ಬೇರೆ ಏನಲ್ಲ. "ದಿನಾ ಬಿಚ್ಚಿ ಮುಚ್ಚತಿ, ಬಿಸಲಾಗ ನೀರ ಆರಿರತೈತಿ" ಎಂದು ಗದರಿದೆ.

"ನೀರ ಆರಿದ್ರ ಸಿಹಿ ಹೆಚ್ಚ ಆಗಬೇಕಲ್ರಿ ಸರ್. ಕಡಿಮಿ ಯಾಕ ಆಕ್ಕೇತಿ?"

ಅವಳ ನೋಟಬುಕ್ಕು ಎಳೆದುಕೊಂಡು ಮೂರು ದಿನದ ಅಂಕಿಗಳನ್ನು ನೋಡಿದೆ. "ಮರುದಿನ ಮುಂಜಾನೆ?" ಎಂದು ಕೇಳಿದೆ. "ಮತ್ತ ಹದಿನೆಂಟರಿ" ಎಂದಳು. ರಾತ್ರಿ ಮೀಟರನ್ನು ಏನು ಮಾಡುತ್ತೀ ಎಂದು ಕೇಳಿದೆ. ಇದು ನಾನು ಮೊದಲ ದಿನವೇ ಕೇಳಬೇಕಿದ್ದ ಪ್ರಶ್ನೆ. "ಚಾರ್ಜಿಗೆ ಹಾಕ್ತೀನ್ರಿ" ಎಂದಳು. ಎನ್ನುವಷ್ಟರಲ್ಲಿ ಇಬ್ಬರಿಗೂ ಒಟ್ಟಿಗೇ ಹೊಳೆದಿತ್ತು.

ಲ್ಯಾಪ್‌ಟಾಪ್ ತೆರೆದೆ. ನನ್ನದೇ ಅಂಕಿ ನನ್ನನ್ನು ನೋಡುತ್ತಿತ್ತು: ಮೂರು ವೋಲ್ಟ್. ಮೀಟರಿನ ದೀಪಕ್ಕೆ ಬೇಕಾದದ್ದು ಅದಕ್ಕಿಂತ ಸ್ವಲ್ಪ ಹೆಚ್ಚು, ಮೂರೂಕಾಲಿನ ಮೇಲೆ. ನಾನು ಹಾಕಿದ ಚಿಪ್ಪು ವೋಲ್ಟೇಜನ್ನು ಇಳಿಸಬಲ್ಲದು, ಏರಿಸಲಾರದು. ಸಂಜೆಯ ಹೊತ್ತಿಗೆ ಬ್ಯಾಟರಿ ಕೆಳಗಿಳಿದಾಗ ಅದು ಇದ್ದಷ್ಟನ್ನು ಮುಂದೆ ದಾಟಿಸುತ್ತಿತ್ತು. ದೀಪ ಮಂಕಾಗುತ್ತಿತ್ತು, ಅಂಕಿ ಇಳಿಯುತ್ತಿತ್ತು, ಆದರೆ ಯಂತ್ರ ಬಂದ್ ಆಗುತ್ತಿರಲಿಲ್ಲ, ಏಕೆಂದರೆ ಬಂದ್ ಆಗಬೇಡ ಎಂದು ನಾನೇ ಹೇಳಿದ್ದೆ. ನನ್ನ ಟೇಬಲ್ಲಿನ ಪವರ್ ಸಪ್ಲೈ ಎಂದೂ ಖಾಲಿಯಾಗುವುದಿಲ್ಲ. ಅದಕ್ಕೆ ಹಚ್ಚಿ ನೋಡಿದರೆ ಈ ರೋಗ ನೂರು ವರ್ಷವಾದರೂ ಕಾಣುವುದಿಲ್ಲ. ಅಂದಿನಿಂದ ನಾನು ಬ್ಯಾಟರಿಯ ಯಂತ್ರವನ್ನು ಬ್ಯಾಟರಿಯಲ್ಲೇ, ಅದೂ ಮುಕ್ಕಾಲು ಖಾಲಿಯಾದ ಬ್ಯಾಟರಿಯಲ್ಲಿ ನೋಡದೆ ಬಿಟ್ಟವನಲ್ಲ.

ಆದರೆ ಚಿಪ್ಪಿನ ದೋಷ ಎಲ್ಲರ ಮೇಲೂ ಸಮನಾಗಿ ಬೀಳಬೇಕಿತ್ತಲ್ಲ? ಬೀಳಲಿಲ್ಲ. ಹೊಲ ನೋಡುವ ದಾರಿ ಯಾರೂ ಬರೆದಿಟ್ಟದ್ದಲ್ಲ, ಆದರೆ ಯಾರೂ ಮುರಿದದ್ದೂ ಅಲ್ಲ. ಜೀಪು ಟಾರು ರಸ್ತೆಗೆ ನಿಲ್ಲುತ್ತದೆ. ಮೊದಲು ಅಲ್ಲಿನ ದೊಡ್ಡ ತೋಟಗಳು, ಅಲ್ಲಿ ಚಹಾ, ಆಮೇಲೆ ಒಳಗಿನ ಹೊಲಗಳು, ಕೊನೆಗೆ ಹೊಳೆದಂಡೆ, ಕೇರಿಯವರ ತುಂಡು ಭೂಮಿ. ನಾನು ನೌಕರಿಗೆ ಸೇರಿದಾಗಲೂ ಅದೇ ದಾರಿ ಇತ್ತು. ಅದನ್ನು ನೋಡಿದ್ದೆ, ಅದರಲ್ಲಿ ಏನಾದರೂ ಇದೆ ಎಂದು ಅನಿಸಿರಲಿಲ್ಲ. ಹೀಗಾಗಿ ಬ್ಯಾಟರಿ ಬಳಲುವ ಹೊತ್ತಿಗೆ ಮೀಟರು ದಿನಾಲೂ ಅದೇ ಜನರ ಹೊಲದಲ್ಲಿ ಇರುತ್ತಿತ್ತು. ಇದನ್ನು ಬರೆಯುವಾಗ ಈಗಲೂ ನನಗೆ ನಾಚಿಕೆಯಾಗುತ್ತದೆ.

ಕಬ್ಬಿನ ಅಧಿಕಾರಿಗೆ ಹೋಗಿ ಹೇಳಿದೆ. ಅವರು ಬಾಗಿಲು ಮುಚ್ಚಿದರು. "ಗಪ್‌ಚುಪ್ ಸರಿ ಮಾಡಿಬಿಡ್ರಿ. ಈಗ ಹೊರಗ ಬಿದ್ರ ಈ ಹಂಗಾಮಿನ ಪಾಳಿ ಅಷ್ಟೂ ತಿರುಗಿ ನೋಡ್ರಿ ಅಂತಾರ. ಹುಡುಗೀದು ನೋಟಿಸ್ ವಾಪಸ್ ತಗೋತೀನಿ, ಮುಗೀತಲ್ಲ? ನಿಮ್ಮ ರಿಟೈರಮೆಂಟ್‌ಗೆ ಎಷ್ಟ ತಿಂಗಳ ಉಳದಾವ್ರಿ?" ಕೊನೆಯ ಪ್ರಶ್ನೆಯನ್ನು ಬಹಳ ಪ್ರೀತಿಯಿಂದಲೇ ಕೇಳಿದರು.

ನಾನು ಅಂಕಿಯನ್ನು ಮತ್ತೆ ಮೂರೂವರೆಗೆ ಏರಿಸಿದೆ, ಪ್ರತಿ ಮೀಟರಿಗೂ ಮಧ್ಯಾಹ್ನ ಬದಲಿಸಲು ಎರಡನೆಯ ಬ್ಯಾಟರಿ ಕೊಡಿಸಿದೆ. ಮಾಡಬೇಕಾದ್ದನ್ನು ಮಾಡಿದೆನೆಂದು ಎರಡು ದಿನ ಬಾಯಿ ಮುಚ್ಚಿಕೊಂಡು ಕೂತೆ. ಹೌದು, ಕೂತೆ. ನಿವೃತ್ತಿಗೆ ಐದು ತಿಂಗಳಿತ್ತು, ಹೆದರಿಕೆಯಾಗಿತ್ತು.

ಮೂರನೆಯ ದಿನ ಸುಜಾತಾ ಸರಿ ಮಾಡಿದ ಮೀಟರು ಒಯ್ಯಲು ಬಂದಳು. ನೋಟಿಸ್ ವಾಪಸ್ ಬಂತೇ ಎಂದು ಕೇಳಿದೆ.

"ಬಂತರಿ. ಕೇರ್ಯಾಗಿನ ಮಾತು ಯಾರ ವಾಪಸ್ ತಗೋತಾರ್ರಿ?"

ಅಷ್ಟೇ ಅಂದಳು. ಜೋರಾಗಿಯೂ ಅನ್ನಲಿಲ್ಲ. ಅವಳು ಬಾಗಿಲು ದಾಟುವ ಮೊದಲೇ ಕರೆದು, "ಆಯ್ತವಾರ ನಿಮ್ಮ ಮಂದಿ ಎಲ್ಲಿ ಕೂಡತಾರ?" ಎಂದು ಕೇಳಿದೆ.

ಭಾನುವಾರ ಬೆಳಿಗ್ಗೆ ಕೇರಿಯ ಬುದ್ಧವಿಹಾರದ ಮುಂದಿನ ಕಟ್ಟೆಗೆ ಹೋದೆ. ವಂದನೆ ಮುಗಿದು ಜನ ಚಪ್ಪಲಿ ಹುಡುಕುತ್ತಿದ್ದರು. ಮೀಟರಿನಲ್ಲಿ ಹಳೆಯ ಅಂಕಿಯನ್ನೇ ಮತ್ತೆ ಹಾಕಿಕೊಂಡು ಹೋಗಿದ್ದೆ, ಕಿಸೆಯಲ್ಲಿ ಎರಡು ಬ್ಯಾಟರಿ, ಒಂದು ತುಂಬಿದ್ದು, ಇನ್ನೊಂದು ಬಳಲಿದ್ದು. ಶಂಕರ ಕಾಕಾರನ್ನೇ ಮುಂದೆ ಕರೆದೆ. ಸುಜಾತಾ ತಂದಿದ್ದ ಸೀಸೆಯಿಂದ ಅವರೇ ಎರಡು ಹನಿ ಬಿಟ್ಟರು. ಹದಿನೆಂಟು. ಬ್ಯಾಟರಿ ಬದಲಿಸಿದೆ. ಅದೇ ಸೀಸೆ, ಅದೇ ಕೈ. ಹದಿನಾರೂವರೆ. ಕಾಕಾ ಗಾಜು ಒರೆಸಿ ಇನ್ನೊಮ್ಮೆ ಮಾಡಿದರು, ಮತ್ತೊಮ್ಮೆ ಮಾಡಿದರು.

"ಈ ಯಂತ್ರ ಹಿಂಗ ಮಾಡಿದಾಂವ ನಾನು. ಸರಿ ಐತಿ ಅಂತ ಬರದು ಕೊಟ್ಟಾಂವನೂ ನಾನು. ಈ ಹುಡುಗೀದು ಒಂದ ಕಾಳಿನಷ್ಟೂ ತಪ್ಪಿಲ್ಲ" ಎಂದೆ.

ಕಾಕಾ ಮೀಟರಿನಿಂದ ತಲೆ ಎತ್ತಿದರು. "ನಮ್ಮ ಕಬ್ಬು ಬೆಂಡ ಆತಲ್ರಿ ಸಾಹೇಬ್ರ. ಅದಕ್ಕೇನ ಮಾಡೂದು?" ಎಂದರು. ಮರುದಿನ ಎಲ್ಲವನ್ನೂ ಬರೆದು, ನನ್ನ ಹಳೆಯ ಕಾಗದವನ್ನು ರದ್ದು ಮಾಡುವುದಾಗಿ ಕಾರ್ಖಾನೆಗೆ ಕೊಟ್ಟೆ. ಇನ್ನೂ ನಿಂತಿದ್ದ ಕಬ್ಬನ್ನು ತಿರುಗಿ ಅಳೆದು ಪಾಳಿ ಮುಂದೆ ತಂದರು. ಆದರೆ ಅಷ್ಟರಲ್ಲೇ ಹೂ ಬಿಟ್ಟ ಹೊಲಗಳ ನಷ್ಟವನ್ನು ನಾನು ಏನು ಮಾಡಿದರೂ ತುಂಬಿಕೊಡಲು ಆಗಲಿಲ್ಲ. ಕೆಲವರು ಈಗಲೂ ಐನಾಪುರದ ಸಂತೆಯಲ್ಲಿ ಕಂಡರೆ ಮುಖ ತಿರುಗಿಸುತ್ತಾರೆ. ತಿರುಗಿಸಲಿ.

ಆ ಭಾನುವಾರ ಕಟ್ಟೆಯ ಮೇಲೆ ಕಾಕಾ ಮೀಟರು ಕೆಳಗಿಟ್ಟು ಸುಜಾತಾಳ ಕಡೆ ತಿರುಗಿದರು. ಹಿರಿಯ ಮನುಷ್ಯ, ಕಣ್ಣು ತುಂಬಿದ್ದವು. "ತಪ್ಪಾತವಾ. ನಂಬಲಿಲ್ಲ ನಿನ್ನ" ಎಂದರು.

"ಇಪ್ಪತ್ತ ದಿನ ನಾನೂ ಇದನ್ನ ಹೇಳಿದೆ ಕಾಕಾ" ಎಂದಳು ಅವಳು. "ಸರ್ ಬಂದು ಹತ್ತ ಮಿನಿಟ್ ಹೇಳಿದ್ರು, ಎಲ್ಲಾರೂ ನಂಬಿದ್ರಿ."

ಅವಳು ತನ್ನ ಚೀಲದಿಂದ ನೋಟಬುಕ್ಕು ತೆಗೆದಳು, ಸೀಸೆಯ ಅಂಕಿಗಳನ್ನು ಮೂರು ದಿನ ಬರೆದುಕೊಂಡಿದ್ದ ಅದೇ ನೋಟಬುಕ್ಕು. ಅಂದಿನ ಎರಡು ಅಂಕಿಗಳನ್ನೂ ಅದರಲ್ಲಿ ಬರೆದಳು, ಯಾವ ಬ್ಯಾಟರಿಗೆ ಯಾವುದು ಎಂದು ಪಕ್ಕದಲ್ಲಿ ಬರೆದಳು. ಕೆಳಗೆ ತನ್ನ ಹೆಸರು ಬರೆದು ಸಹಿ ಮಾಡಿದಳು. ಆಮೇಲೆ ಪೆನ್ನನ್ನು ನನ್ನ ಕಡೆ ಚಾಚಿದಳು.

"ನೋಡಿದಾಕಿ ನಾನು, ಅದಕ್ಕ ಮೊದ್ಲು ನಂದು. ನೀವು ನನ್ನ ಕೆಳಗ ಮಾಡ್ರಿ ಸರ್."

ನಾನು ಅವಳ ಸಹಿಯ ಕೆಳಗೆ ಸಹಿ ಮಾಡಿದೆ.